ಶ್ರುತಿ ಪೆಟ್ಟಿಗೆ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೋ ತಂಬೂರಿಯೋ ಕೆಟ್ಟಿತು ಎಂದ ಕೂಡಲೇ ಒಳಗಿನ ಐಸಿ, ಅಂದರೆ ಚಿಪ್, ಸುಟ್ಟುಹೋಗಿದೆ ಎಂದು ಬಹಳ ಜನ ಕೈಚೆಲ್ಲುತ್ತಾರೆ. ಐಸಿ ಸುಡುವುದು ಅಪರೂಪ. ಪೆಟ್ಟಿಗೆ ಕೆಡುವುದು ದಿನವೂ ನಮ್ಮ ಕೈ ತಾಗುವ ಜಾಗಗಳಲ್ಲಿ: ತಿರುಗಿಸುವ ನಾಬ್, ಅಡಾಪ್ಟರ್ ಚುಚ್ಚುವ ಜ್ಯಾಕ್, ಸೆಲ್ ಹಾಕುವ ಗೂಡು, ಬಿಚ್ಚಿ ಬಿಗಿಯುವ ಸ್ಕ್ರೂ. ಬೆರಳಿನ ಬಲವೆಲ್ಲ ತೆಳ್ಳನೆಯ ಬೆಸುಗೆಯ ಮೇಲೆ ಬೀಳುವಂತೆ ಜೋಡಿಸಿರುವುದೇ ಇದಕ್ಕೆ ಮೂಲ ಕಾರಣ. ಆದ್ದರಿಂದ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು.

ಕೊಳಲು ವಾದಕರೂ ಎಂಜಿನಿಯರೂ ಆದ ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ ಹಲವು ಕಂಪನಿಗಳ ಹಲವು ಮಾದರಿಗಳು ಮನೆಮನೆಗೆ ಬಂದಿವೆ. ಹಳೆಯವು ಅನಲಾಗ್, ಈಚಿನವು ಡಿಜಿಟಲ್. ಒಳಗಿನ ಸರ್ಕ್ಯೂಟ್ ಎಷ್ಟೇ ಬೇರೆಯಾದರೂ ನಾಬ್, ಜ್ಯಾಕ್, ಸ್ಪೀಕರ್‌ಗಳ ಗೋಳು ಹೆಚ್ಚುಕಡಿಮೆ ಒಂದೇ.

ಬಿಚ್ಚುವ ಮುನ್ನ

ವಾರಂಟಿ ಇದ್ದರೆ ಬಿಚ್ಚಬೇಡಿ. ದೋಷ ಕಾಣುವಂತೆ, ಕೇಳುವಂತೆ ಒಂದು ನಿಮಿಷದ ವಿಡಿಯೊ ತೆಗೆದು, ಬಿಲ್ಲಿನ ಜೊತೆ ಮಾರಿದವರಿಗೆ ಕಳುಹಿಸಿ. ಬರವಣಿಗೆಯಲ್ಲಿ ಕೇಳಿದ್ದಕ್ಕೆ ಇರುವ ಬೆಲೆ ಫೋನಿನ ಮಾತಿಗಿಲ್ಲ. ಅವರು ಆಗದೆಂದು ಕೈಯಲ್ಲಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ವಾರಂಟಿ ಮುಗಿದಿದ್ದರೆ ಈ ಸಾಮಾನು ಹೊಂದಿಸಿಕೊಳ್ಳಿ: ಸ್ಟಾರ್ ಸ್ಕ್ರೂಡ್ರೈವರ್, ಡಿಜಿಟಲ್ ಮಲ್ಟಿಮೀಟರ್, 25 ವ್ಯಾಟ್ ಸೋಲ್ಡರಿಂಗ್ ಐರನ್, 0.8 ಮಿ.ಮೀ. ದಪ್ಪದ 60/40 ಸೋಲ್ಡರ್ ತಂತಿ, ಹಳೆಯ ಸೋಲ್ಡರ್ ಎಳೆಯುವ ಪಂಪು, ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಡಬ್ಬಿ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಒಂದು ಎಚ್ಚರಿಕೆ. ಗೋಡೆಯ ಪ್ಲಗ್ಗಿಗೆ ನೇರ ಹೋಗುವ ವೈರು ಪೆಟ್ಟಿಗೆಯಿಂದಲೇ ಹೊರಟಿದ್ದರೆ 230 ವೋಲ್ಟ್ ಒಳಗೇ ಬರುತ್ತಿದೆ ಎಂದರ್ಥ. ಪ್ಲಗ್ ಕಿತ್ತ ಮೇಲಷ್ಟೇ ಬಿಚ್ಚಿ. ಒಳಗಿರುವುದು ಭಾರವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಅಲ್ಲದೆ ಎಸ್‌ಎಂಪಿಎಸ್ (ಹಗುರವಾದ ಸ್ವಿಚಿಂಗ್ ಪವರ್ ಸಪ್ಲೈ) ಆಗಿದ್ದರೆ, ಅದರ, ವಿದ್ಯುತ್ ಕೂಡಿಡುವ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಸುಮಾರು 325 ವೋಲ್ಟ್ ಡಿಸಿ ಉಳಿದಿರಬಹುದು. ಅನುಭವ ಇಲ್ಲದವರು ಆ ಭಾಗ ಮುಟ್ಟಲೇಬಾರದು. ಹೊರಗಿನ ಅಡಾಪ್ಟರ್‌ನಿಂದ ನಡೆಯುವ ಪೆಟ್ಟಿಗೆಗಳಲ್ಲಿ ಈ ಭಯವಿಲ್ಲ.

ಬಿಚ್ಚುವಾಗ ಹಂತಹಂತಕ್ಕೂ ಫೋಟೊ ತೆಗೆಯಿರಿ. ಸ್ಪೀಕರ್ ಮುಚ್ಚಳಕ್ಕೂ ಬೋರ್ಡು ತಳಕ್ಕೂ ಅಂಟಿಕೊಂಡು, ನಡುವೆ ವೈರು ಇರುವುದೇ ಹೆಚ್ಚು. ಮುಚ್ಚಳವನ್ನು ಒಮ್ಮೆಲೇ ಎಳೆದರೆ ಆ ವೈರು ಕಿತ್ತು ಬರುತ್ತದೆ.

ನಾಬ್ ತಿರುಗಿಸಿದರೆ ಕರಕರ

ಎಲ್ಲಕ್ಕಿಂತ ಹೆಚ್ಚು ಕಾಡುವ ದೋಷ ಇದು. ನಾಬಿನ ಹಿಂದಿರುವ ಪಾಟ್ (ಪೊಟೆನ್ಶಿಯೊಮೀಟರ್, ತಿರುಗಿಸಿ ಬದಲಿಸುವ ರೆಸಿಸ್ಟರ್) ಒಳಗೆ ಕುದುರೆ ಲಾಳದ ಆಕಾರದ ಕಾರ್ಬನ್ ಪಟ್ಟಿಯೊಂದಿದ್ದು, ಅದರ ಮೇಲೆ ಲೋಹದ ವೈಪರ್ ಜಾರುತ್ತದೆ. ಪಟ್ಟಿಯ ಮೇಲೆ ದೂಳು ಕೂತರೆ ವೈಪರ್ ಹಾರಿ ಹಾರಿ ತಾಗುತ್ತದೆ. ವಾಲ್ಯೂಮ್ ಪಾಟ್‌ನಲ್ಲಿ ಇದು ಕರಕರ ಎಂದು ಕೇಳಿಸುತ್ತದೆ. ಶ್ರುತಿಯ ಫೈನ್ ಟ್ಯೂನ್ ಪಾಟ್‌ನಲ್ಲಿ ಕರಕರ ಇರುವುದಿಲ್ಲ, ಷಡ್ಜವೇ, ಅಂದರೆ ಆಧಾರದ ಸ, ಕುಣಿಯುತ್ತದೆ. ಎರಡನೆಯದು ಹೆಚ್ಚು ಅಪಾಯ. ಹೊಸದಾಗಿ ಕಲಿಯುವ ಮಗು ಅಲುಗುವ ಷಡ್ಜವನ್ನೇ ಸರಿಯೆಂದು ನಂಬಿ ಸರಳೆ ಹಾಡುತ್ತಾ ಹೋಗುತ್ತದೆ.

ನಮ್ಮ ಮನೆಗಳಲ್ಲಿ ಈ ಪೆಟ್ಟಿಗೆ ಇರುವ ಜಾಗವನ್ನೂ ನೋಡಿ. ದೇವರ ಮನೆಯ ಮುಂದೆ ಇದ್ದರೆ ಊದಿನಕಡ್ಡಿಯ ಹೊಗೆ, ಕುಂಕುಮ, ವಿಭೂತಿಯ ಪುಡಿ ನಾಬಿನ ಸಂದಿಯಿಂದ ಇಳಿಯುತ್ತವೆ. ವಯೊಲಿನ್ ಪಾಠ ನಡೆಯುವ ಕೋಣೆಯಲ್ಲಿ ಕಮಾನಿಗೆ ಹಚ್ಚುವ ರಾಳದ ಪುಡಿ ಹಾರುತ್ತದೆ. ರಾಳ ಅಂಟುವ ವಸ್ತು, ಪಟ್ಟಿಯ ಮೇಲೆ ಕೂತರೆ ಒಣ ದೂಳಿನಂತೆ ಸುಲಭವಾಗಿ ಹೋಗುವುದಿಲ್ಲ.

ಪಾಟ್‌ನ ಲೋಹದ ಮೈಯಲ್ಲಿ, ಮೂರು ಕಾಲುಗಳು ಹೊರಬರುವ ಕಡೆ, ಒಂದು ಸಣ್ಣ ಸಂದಿ ಇರುತ್ತದೆ. ಕ್ಲೀನರ್ ಡಬ್ಬಿಯ ಕೆಂಪು ನಳಿಕೆಯ ತುದಿಯನ್ನು ಅಲ್ಲಿಟ್ಟು ಒಂದೆರಡು ಸಲ ಚುಟುಕಾಗಿ ಒತ್ತಿ. ಕೂಡಲೇ ನಾಬನ್ನು ಈ ಕೊನೆಯಿಂದ ಆ ಕೊನೆಗೆ 25–30 ಸಲ ತಿರುಗಿಸಿ. ಕಾಲು ಗಂಟೆ ಒಣಗಲು ಬಿಟ್ಟು ಆಮೇಲೆ ಪವರ್ ಕೊಡಿ. ಕ್ಲೀನರ್ ಕೊಳ್ಳುವಾಗ ಪ್ಲಾಸ್ಟಿಕ್‌ಗೆ ಹಾನಿ ಮಾಡದು ಎಂದು ಡಬ್ಬಿಯ ಮೇಲೆ ಬರೆದಿದೆಯೇ ನೋಡಿ. ಕೆಲವು ದ್ರಾವಣಗಳು ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನೇ ಬಿರುಕು ಬಿಡಿಸುತ್ತವೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಎಣ್ಣೆ ಹಾಕಿದ ಮೊದಲ ವಾರ ಎಲ್ಲ ಸರಿಹೋದಂತೆ ಅನಿಸುತ್ತದೆ, ಆಮೇಲೆ ಅದೇ ಎಣ್ಣೆ ದೂಳು ಹಿಡಿದು ಕಪ್ಪು ಕೆಸರಾಗುತ್ತದೆ.

ತೊಳೆದ ಮೇಲೂ ಎರಡು ದಿನದಲ್ಲಿ ವಾಲ್ಯೂಮ್ ನಾಬ್ ಕರಕರ ಎಂದರೆ ತಪ್ಪು ಪಾಟ್‌ನದ್ದಲ್ಲದಿರಬಹುದು. ಹೊರಗಿನ ಅಡಾಪ್ಟರ್‌ನ ಪೆಟ್ಟಿಗೆಯಾದರೆ, ಅದು ನಡೆಯುತ್ತಿರುವಾಗ ವಾಲ್ಯೂಮ್ ಪಾಟ್‌ನ ಎರಡು ತುದಿಯ ಕಾಲುಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಬಹುತೇಕ ಸೊನ್ನೆ ಬರಬೇಕು. ಹತ್ತಾರು ಮಿಲಿವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಅದರ ಹಿಂದಿನ, ಡಿಸಿ ತಡೆದು ದನಿಯನ್ನಷ್ಟೇ ಬಿಡುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ಡಿಸಿ ಹರಿಯುವ ಪಾಟ್ ಹೊಸದಾದರೂ ಕರಕರ ಎನ್ನುತ್ತದೆ, ಹಾಗಾಗಿ ಬದಲಿಸಬೇಕಾದದ್ದು ಆ ಕೆಪಾಸಿಟರ್. ಫೈನ್ ಟ್ಯೂನ್ ಪಾಟ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ, ಅಲ್ಲಿ ಡಿಸಿ ಇರುವುದೇ ಸಹಜ.

ಪಟ್ಟಿ ಸವೆದೇ ಹೋಗಿದ್ದರೆ ಪಾಟ್ ಬದಲಿಸಿ. ಅದರ ಬೆನ್ನ ಮೇಲೆ ಬಿ10ಕೆ, ಎ50ಕೆ ಎಂಬಂಥ ಗುರುತು ಇರುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ ಬಿ ಎಂದರೆ ಸಾಮಾನ್ಯವಾಗಿ ಲೀನಿಯರ್ (ತಿರುಗಿಸಿದಷ್ಟೇ ಸಮನಾಗಿ ಬದಲಾಗುವುದು), ಎ ಎಂದರೆ ಲಾಗ್ (ಮೊದಲು ನಿಧಾನ, ಆಮೇಲೆ ಬೇಗ ಬದಲಾಗುವುದು). 10ಕೆ ಅಂದರೆ 10 ಸಾವಿರ ಓಮ್. ಬೋರ್ಡಿನಿಂದ ತೆಗೆದು ಅಳೆದಾಗ 8ರಿಂದ 12 ಸಾವಿರದೊಳಗೆ ಬಂದರೆ ಸರಿ. ಶ್ರುತಿಯ ಪಾಟ್‌ಗೆ ಲೀನಿಯರ್ ಜಾಗದಲ್ಲಿ ಲಾಗ್ ಹಾಕಿದರೆ ಒಂದು ಕಡೆ ಅರ್ಧ ಸುತ್ತು ತಿರುಗಿಸಿದರೂ ಏನೂ ಆಗದು, ಇನ್ನೊಂದು ಕಡೆ ಕೂದಲಷ್ಟು ಅಲುಗಿದರೆ ಶ್ರುತಿ ಹಾರಿಹೋಗುತ್ತದೆ. ದಂಡಿನ ಉದ್ದ ಮತ್ತು ಆಕಾರವನ್ನೂ ಹೊಂದಿಸಿ ತನ್ನಿ. ಹಲ್ಲಿನ ದಂಡಿಗೆ ಕೂರುವ ನಾಬ್, ಒಂದು ಬದಿ ಚಪ್ಪಟೆಯಾದ ದಂಡಿಗೆ ಕೂರುವುದಿಲ್ಲ.

ಇನ್ನು ಪಾಟ್‌ನ ನಟ್. ಇದನ್ನು ಯಾರೂ ನೋಡುವುದಿಲ್ಲ, ಆದರೆ ಎಷ್ಟೋ ಪಾಟ್‌ಗಳು ಮುರಿಯುವುದು ಇದರಿಂದಲೇ. ನಟ್ ಸಡಿಲವಾದರೆ ನಾಬಿನ ಜೊತೆ ಇಡೀ ಪಾಟ್ ತಿರುಗುತ್ತದೆ, ಕೊನೆಗೆ ಬೋರ್ಡಿಗೆ ಬೆಸೆದ ಕಾಲುಗಳು ಕಿತ್ತುಬರುತ್ತವೆ. ನಾಬ್ ಕಿತ್ತು, ಒಳಗಿನ ನಟ್ಟನ್ನು ಸಾಮಾನ್ಯವಾಗಿ 10 ಅಥವಾ 11 ಮಿ.ಮೀ. ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಬಿಗಿಯಿರಿ. ವರ್ಷಕ್ಕೊಮ್ಮೆ ಇಷ್ಟು ಮಾಡಿದರೆ ಆ ಕಾಲುಗಳು ಉಳಿಯುತ್ತವೆ.

ವೈರು ಅಲುಗಾಡಿಸಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ

ಲೂಸ್ ಕಾಂಟ್ಯಾಕ್ಟ್ ಎಂದು ಎಲ್ಲರೂ ಹೇಳುತ್ತಾರೆ, ಎಲ್ಲಿ ಲೂಸ್ ಎಂದು ಹುಡುಕುವುದಿಲ್ಲ. ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಿ. ದೋಷ ಹೋದರೆ ಹಳೆಯ ಅಡಾಪ್ಟರ್‌ನ ಪ್ಲಗ್ ಬುಡದಲ್ಲಿ ತಂತಿ ತುಂಡಾಗಿದೆ. ಬೇರೆ ಅಡಾಪ್ಟರ್ ಹಾಕುವ ಮುನ್ನ ಮೂರು ಸಂಗತಿ ಹೊಂದಬೇಕು: ವೋಲ್ಟೇಜು, ಧ್ರುವ, ಪ್ಲಗ್ಗಿನ ಅಳತೆ. ಪೆಟ್ಟಿಗೆಯ ಬೆನ್ನ ಮೇಲೆ ಚುಕ್ಕಿ ಮತ್ತು ಅರ್ಧ ಚಂದ್ರದ ಚಿತ್ರವಿದ್ದು, ಒಳಗಿನ ಚುಕ್ಕಿಗೆ ಪ್ಲಸ್ಸೋ ಮೈನಸ್ಸೋ ಎಂದು ತೋರಿಸಿರುತ್ತದೆ. ಹೊರಗಿನ ಅಳತೆ 5.5 ಮಿ.ಮೀ. ಒಂದೇ ಇದ್ದರೂ ಒಳಗಿನ ತೂತು 2.1 ಅಥವಾ 2.5 ಮಿ.ಮೀ. ಇರಬಹುದು. 2.1ರ ಜ್ಯಾಕಿಗೆ 2.5ರ ಪ್ಲಗ್ ಹೋಗುತ್ತದೆ, ಆದರೆ ಸಡಿಲವಾಗಿ ಅಲುಗುತ್ತಿರುತ್ತದೆ. ಅದನ್ನು ಜ್ಯಾಕ್ ದೋಷ ಎಂದು ತಪ್ಪು ತಿಳಿಯಬೇಡಿ.

ಆಂಪಿಯರ್ ಪೆಟ್ಟಿಗೆ ಕೇಳುವಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ತೊಂದರೆಯಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ 9 ವೋಲ್ಟ್ ಎಂದು ಬರೆದಿದ್ದರೂ ಖಾಲಿ ಅಳೆದಾಗ 12–13 ತೋರಿಸಬಹುದು. ಪೆಟ್ಟಿಗೆ ಜೋಡಿಸಿದಾಗ ಅದು ಇಳಿಯುತ್ತದೆ, ಗಾಬರಿ ಬೇಡ.

ಅಡಾಪ್ಟರ್ ಸರಿಯಿದ್ದರೆ ಬೋರ್ಡನ್ನು ತಿರುವಿ ಜ್ಯಾಕ್‌ನ ಕಾಲುಗಳ ಬೆಸುಗೆಯನ್ನು ಮೊಬೈಲ್ ಟಾರ್ಚ್ ಬೆಳಕಲ್ಲಿ ನೋಡಿ. ಒಳ್ಳೆಯ ಬೆಸುಗೆ ಸಣ್ಣ ಗೋಪುರದಂತೆ ಏರಿ ಹೊಳೆಯುತ್ತದೆ. ಸರಿಯಾಗಿ ಹಿಡಿಯದ ಬೆಸುಗೆ, ಅಂದರೆ ಡ್ರೈ ಸೋಲ್ಡರ್, ಮಂಕಾಗಿ ಬೂದು ಬಣ್ಣಕ್ಕಿರುತ್ತದೆ. ಒಡೆದಿದ್ದರೆ ಕಾಲಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಾಣುತ್ತದೆ. ಪ್ಲಗ್ಗನ್ನು ಮೆಲ್ಲಗೆ ಅಲುಗಿಸಿದಾಗ ಆ ಉಂಗುರದೊಳಗೆ ಕಾಲು ಮಾತ್ರ ಅಲುಗಿದರೆ ಕಳ್ಳ ಸಿಕ್ಕಿದಂತೆಯೇ.

ಒಡೆದ ಬೆಸುಗೆಯ ಮೇಲೆ ಹೊಸ ಸೋಲ್ಡರ್ ಹಚ್ಚಿ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಒಡೆಯುತ್ತದೆ. ಹಳೆಯದನ್ನು ಪಂಪಿನಿಂದ ಪೂರ್ತಿ ಎಳೆದು, ಕಾಲನ್ನು ಆಲ್ಕೊಹಾಲ್‌ನಿಂದ ಒರೆಸಿ. ಐರನ್ ತುದಿ ಕಾಲಿಗೂ ತಾಮ್ರದ ಪಟ್ಟಿಗೂ ಒಟ್ಟಿಗೇ ತಾಗಲಿ. ಒಂದು ಸೆಕೆಂಡ್ ಕಾಯಿಸಿ, ಸೋಲ್ಡರ್ ತಂತಿಯನ್ನು ಕಾಲಿಗೆ ಮುಟ್ಟಿಸಿ, ಅದು ಕರಗಿ ಸುತ್ತ ಹರಿದ ಕೂಡಲೇ ತೆಗೆಯಿರಿ. ಒಟ್ಟು ಮೂರು ಸೆಕೆಂಡ್ ಸಾಕು. ಹೆಚ್ಚು ಹೊತ್ತು ಇಟ್ಟರೆ ತಾಮ್ರದ ಪಟ್ಟಿ ಬೋರ್ಡಿನಿಂದ ಎದ್ದುಬರುತ್ತದೆ. ಎದ್ದೇ ಬಂದಿದ್ದರೆ ಆ ಪಟ್ಟಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ, ಕಾಲಿನಿಂದ ಅಲ್ಲಿಗೆ ಸಣ್ಣ ವೈರೊಂದನ್ನು ಬೆಸೆಯಿರಿ.

ಅಡಾಪ್ಟರ್‌ನಲ್ಲಿ ನಡೆಯುತ್ತದೆ, ಸೆಲ್ ಹಾಕಿದರೆ ಇಲ್ಲ ಎನ್ನುವ ದೂರಿಗೂ ಎಷ್ಟೋ ಸಲ ಈ ಜ್ಯಾಕೇ ಕಾರಣ. ಅದಕ್ಕೆ ಮೂರು ಕಾಲಿರುತ್ತವೆ. ಪ್ಲಗ್ ಒಳಹೋದಾಗ ಸೆಲ್‌ನ ದಾರಿ ಕಡಿಯುವುದು ಮೂರನೆಯ ಕಾಲಿನ ಕೆಲಸ. ಪ್ಲಗ್ ತೆಗೆದ ಮೇಲೆ ಒಳಗಿನ ಸ್ಪ್ರಿಂಗ್ ಪಟ್ಟಿ ಹಿಂದಕ್ಕೆ ಬಂದು ಕೂಡಬೇಕು. ಅದು ಬಾಗಿ ನಿಂತರೆ ಹೊಸ ಸೆಲ್ ಹಾಕಿದರೂ ಪೆಟ್ಟಿಗೆ ಮೂಕ. ಪ್ಲಗ್ ಇಲ್ಲದಿರುವಾಗ ಮೂರನೆಯ ಕಾಲಿಗೂ ಹೊರ ತೋಳಿನ ಕಾಲಿಗೂ ನಡುವೆ ಮಲ್ಟಿಮೀಟರ್ ಬೀಪ್ ಅನ್ನಬೇಕು. ಅನ್ನದಿದ್ದರೆ ಜ್ಯಾಕ್ ಬದಲಿಸಿ, ಅದು ಅಗ್ಗದ ಭಾಗ.

ಯುಎಸ್‌ಬಿ ಚಾರ್ಜಿಂಗ್ ಇರುವ ಹೊಸ ಪೆಟ್ಟಿಗೆಗಳಲ್ಲಿ ಪೋರ್ಟ್ ಕಿತ್ತುಬಂದಿದ್ದರೆ ಮೊಬೈಲ್ ರಿಪೇರಿಯವರ ಬಳಿ ಹೋಗಿ. ಆ ಸಣ್ಣ ಕಾಲುಗಳಿಗೆ ಬಿಸಿ ಗಾಳಿಯ ಉಪಕರಣ ಬೇಕು. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಸೆಲ್ ಗೂಡು ಮತ್ತು ಜಾರುವ ಷಡ್ಜ

ತಿಂಗಳುಗಟ್ಟಲೆ ಒಳಗೇ ಬಿಟ್ಟ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟುತ್ತದೆ. ಆಲ್ಕಲೈನ್ ಸೆಲ್ ಆದರೆ ಸೋರುವುದು ಕ್ಷಾರ. ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ ಒರೆಸಿ. ಸಾಮಾನ್ಯ ಜಿಂಕ್ ಸೆಲ್ ಆದರೆ ಅದು ಆಮ್ಲೀಯ, ನೀರಲ್ಲಿ ಕಲಸಿದ ಅಡುಗೆ ಸೋಡಾ ಹಚ್ಚಿ. ಎರಡರ ಬಳಿಕವೂ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಕೈಗವಸು ಇರಲಿ, ಪುಡಿಯನ್ನು ಊದಬೇಡಿ, ಕಣ್ಣಿಗೆ ಹಾರುತ್ತದೆ. ಮರಳು ಕಾಗದದಿಂದ ಜೋರಾಗಿ ಉಜ್ಜಿದರೆ ಮೇಲಿನ ಲೇಪ ಹೋಗಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ.

ಈಗ ಬಹಳ ಜನರನ್ನು ಗೊಂದಲಕ್ಕೆ ಬೀಳಿಸುವ ವಿಷಯ. ಪೆಟ್ಟಿಗೆ ನಡೆಯುತ್ತದೆ, ದನಿಯೂ ಇದೆ, ಆದರೆ ಅರ್ಧ ಗಂಟೆಯಲ್ಲಿ ಶ್ರುತಿ ಇಳಿಯುತ್ತದೆ. ಹಳೆಯ ಅನಲಾಗ್ ಪೆಟ್ಟಿಗೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಸೆಲ್‌ಗಳನ್ನೇ. ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇದ್ದರೆ, ಅದು ಸ್ಥಿರವಾಗಿ 5 ವೋಲ್ಟ್ ಕೊಡಲು ತನಗೆ ಸುಮಾರು 7 ವೋಲ್ಟ್ ಬೇಕು. ಆರು ಸೆಲ್ ಹೊಸದಿದ್ದಾಗ 9 ವೋಲ್ಟ್ ಮೇಲೆ ಇರುತ್ತದೆ. ಒಂದೊಂದೂ 1.17ಕ್ಕೆ ಇಳಿದಾಗ ಒಟ್ಟು 7 ಆಗುತ್ತದೆ. ಅಲ್ಲಿಂದ ಕೆಳಗೆ ರೆಗ್ಯುಲೇಟರ್ ಕೈಬಿಡುತ್ತದೆ, ಷಡ್ಜ ಜಾರುತ್ತದೆ. ರೀಚಾರ್ಜಬಲ್ ನಿಕಲ್ ಸೆಲ್ ಒಂದೊಂದೂ 1.2 ವೋಲ್ಟ್, ಆರಕ್ಕೆ 7.2. ಅಂದರೆ ಶುರುವಿನಿಂದಲೇ ಅಂಚಿನ ಮೇಲೆ ನಡೆಯುತ್ತಿರುತ್ತೀರಿ. ಅಂಥ ಪೆಟ್ಟಿಗೆಗೆ ಆಲ್ಕಲೈನ್ ಸೆಲ್ಲೇ ಸರಿ. ಪೆಟ್ಟಿಗೆ ನಡೆಯುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು, ಹೊರತೆಗೆದ ಸೆಲ್ ಸುಳ್ಳು ಹೇಳುತ್ತದೆ.

ಅಡಾಪ್ಟರ್‌ನಲ್ಲೂ ಜಾರಿದರೆ ಶಾಖದ ಪ್ರಶ್ನೆ ಉಳಿಯುತ್ತದೆ. ಅನಲಾಗ್ ಪೆಟ್ಟಿಗೆಯನ್ನು ಹಾಡುವ 15 ನಿಮಿಷ ಮುಂಚೆಯೇ ಆನ್ ಮಾಡಿಡಿ. ಆಮೇಲೂ ನಿಲ್ಲದಿದ್ದರೆ ಫೈನ್ ಟ್ಯೂನ್ ಪಾಟ್‌ಗೆ ಹಿಂತಿರುಗಿ. ಡಿಜಿಟಲ್ ಪೆಟ್ಟಿಗೆಯ ಶ್ರುತಿ ಕ್ರಿಸ್ಟಲ್‌ನಿಂದ ಬರುವುದರಿಂದ ಹೀಗೆ ಜಾರಬಾರದು.

ಗುಂಯ್ ಎನ್ನುವ ದನಿ, ಬರ್ರ್ ಎನ್ನುವ ದನಿ

ಎರಡೂ ಬೇರೆ ಬೇರೆ. ಅಡಾಪ್ಟರ್ ಹಾಕಿದಾಗ ಮಾತ್ರ, ವಾಲ್ಯೂಮ್ ಇಳಿಸಿದರೂ ಉಳಿಯುವ ಒಂದೇ ಸಮನೆಯ ಗುಂಯ್ ಪವರ್ ಕಡೆಯ ದೋಷ. ನಮ್ಮ 50 ಹರ್ಟ್ಜ್ ಕರೆಂಟು ಡಯೋಡ್‌ಗಳನ್ನು ದಾಟಿದ ಮೇಲೆ 100 ಹರ್ಟ್ಜ್ ಅಲೆಯಾಗುತ್ತದೆ, ಅದನ್ನು ಸಪಾಟು ಮಾಡಬೇಕಾದ ಫಿಲ್ಟರ್ ಕೆಪಾಸಿಟರ್ ಒಣಗಿದರೆ ಅಲೆ ಸ್ಪೀಕರ್ ತಲುಪುತ್ತದೆ. ತಲೆ ಉಬ್ಬಿದ ಅಥವಾ ಬುಡದಲ್ಲಿ ಕಂದು ಕಲೆಯಿರುವ ಕೆಪಾಸಿಟರ್ ಹುಡುಕಿ. 1000 ಮೈಕ್ರೊಫ್ಯಾರಡ್ 16 ವೋಲ್ಟ್ ಇದ್ದರೆ ಅಷ್ಟೇ ಮೈಕ್ರೊಫ್ಯಾರಡ್‌ನ 25 ವೋಲ್ಟ್, 105 ಡಿಗ್ರಿಯದ್ದು ಹಾಕಿ. ಮೈಮೇಲಿನ ಪಟ್ಟೆ ಮೈನಸ್ ಕಡೆ. ತಿರುಗುಮುರುಗಾದರೆ ಸಿಡಿಯುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿಂದ ಒಯ್ದ, ಒಳಗೇ ಟ್ರಾನ್ಸ್‌ಫಾರ್ಮರ್ ಇರುವ ಪೆಟ್ಟಿಗೆ ಅಲ್ಲಿನ 120 ವೋಲ್ಟ್‌ನಲ್ಲಿ ಕ್ಷೀಣವಾಗಿ ಗುಂಯ್ ಎಂದರೆ ಅದು ಕೆಟ್ಟಿಲ್ಲ, ಅರೆಹೊಟ್ಟೆಯಲ್ಲಿದೆ. ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಹೊರಗಿನ ಅಡಾಪ್ಟರ್‌ನ ಪೆಟ್ಟಿಗೆಯಾದರೆ ಅಲ್ಲಿನ ಅಡಾಪ್ಟರನ್ನು ವೋಲ್ಟೇಜ್, ಧ್ರುವ ಹೊಂದಿಸಿ ಕೊಂಡರಾಯಿತು.

ಕೆಲವು ಸ್ವರಕ್ಕೆ ಮಾತ್ರ, ವಾಲ್ಯೂಮ್ ಏರಿಸಿದಾಗ ಬರ್ರ್ ಎಂದರೆ ಏನೋ ಅದುರುತ್ತಿದೆ. ಮಂದ್ರ ಷಡ್ಜ ಹಚ್ಚಿ, ಮುಚ್ಚಳ, ಜಾಲರಿ, ಸೆಲ್ ಬಾಗಿಲು, ನಾಬ್ ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ನಿಲ್ಲುತ್ತದೋ ಅಲ್ಲಿ ತೆಳು ಫೋಮ್ ಟೇಪಿನ ತುಣುಕು ಇಡಿ. ಯಾವುದಕ್ಕೂ ನಿಲ್ಲದಿದ್ದರೆ ಸ್ಪೀಕರ್ ಕಾಗದ ಹರಿದಿರಬಹುದು. ಟಿಶ್ಯೂ ಕಾಗದದ ಸಣ್ಣ ತುಂಡನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹರಿದಲ್ಲಿ ಹಚ್ಚಿ, ರಾತ್ರಿಯಿಡೀ ಒಣಗಿಸಿ. ತಕ್ಷಣ ಅಂಟುವ ಗಮ್ ಬೇಡ, ಅದು ಗಟ್ಟಿಯಾಗಿ ಪಕ್ಕದಲ್ಲೇ ಇನ್ನೊಂದು ಹರಕು ಮಾಡುತ್ತದೆ. ದನಿಯೇ ಇಲ್ಲದಿದ್ದರೆ ಸ್ಪೀಕರ್‌ನ ಒಂದು ವೈರು ಬಿಚ್ಚಿ 1.5 ವೋಲ್ಟ್ ಸೆಲ್ಲನ್ನು ಕ್ಷಣ ಮುಟ್ಟಿಸಿ. ಟುಕ್ ಎಂದರೆ ಅದು ಬದುಕಿದೆ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 7ರ ಆಸುಪಾಸು ತೋರಿಸುವುದು ಸಹಜ.

ಸ್ಕ್ರೂ ಕಚ್ಚದಿದ್ದಾಗ

ಪ್ಲಾಸ್ಟಿಕ್ ಕಂಬದಲ್ಲಿ ಥ್ರೆಡ್ ಸವೆಯುವುದಕ್ಕೆ ಬಿಗಿಯುವವರ ಅವಸರವೇ ಕಾರಣ. ಸ್ಕ್ರೂವನ್ನು ತೂತಿನಲ್ಲಿಟ್ಟು ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಿ. ಟಕ್ ಎಂದು ಒಳಗೆ ಕೂತಂತೆ ಆಗುತ್ತದೆ, ಹಳೆಯ ಥ್ರೆಡ್ ಸಿಕ್ಕಿದ್ದು ಆಗ. ಆಮೇಲೆ ಬಲಕ್ಕೆ ತಿರುಗಿಸಿ, ಕೈಗೆ ಬಿಗಿ ಅನ್ನಿಸಿದಲ್ಲೇ ನಿಲ್ಲಿಸಿ. ಕಂಬವೇ ಸೀಳಿದ್ದರೆ ಅದರ ಸುತ್ತ ತೆಳು ತಾಮ್ರದ ತಂತಿ ನಾಲ್ಕೈದು ಸುತ್ತು ಬಿಗಿದು ಅರಾಲ್ಡೈಟ್ ಹಚ್ಚಿ. ತೂತು ಅಗಲವಾಗಿದ್ದರೆ ಒಳಗೂ ಅರಾಲ್ಡೈಟ್ ತುಂಬಿ, ಒಂದು ದಿನ ಬಿಟ್ಟು ಸಣ್ಣ ಡ್ರಿಲ್‌ನಿಂದ ಹೊಸ ತೂತು ಕೊರೆಯಿರಿ.

ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ಸುತ್ತಿಡುವುದು ತೇವ ಹೀರಿಸಿದ ಹಾಗೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬೆಚ್ಚಗಿರುತ್ತದೆಂದು ಇರುವೆ, ಜಿರಳೆಗಳೂ ಒಳಗೆ ಸೇರುತ್ತವೆ. ಗಾಳಿಕಿಂಡಿಗೆ ಒಳಗಿನಿಂದ ತೆಳ್ಳನೆಯ ನೈಲಾನ್ ಜಾಲರಿ ಅಂಟಿಸಿದರೆ ದನಿಗೂ ತೊಂದರೆಯಿಲ್ಲ.

ಮುಚ್ಚಿದ ಮೇಲಿನ ಪರೀಕ್ಷೆ

ದನಿ ಬಂತು ಎಂದಷ್ಟಕ್ಕೆ ರಿಪೇರಿ ಮುಗಿಯುವುದಿಲ್ಲ. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ತೆರೆದು, ಅದು ಅಳತೆಗೆ ಹಿಡಿಯುವ ಎ ಸ್ವರ 440 ಹರ್ಟ್ಜ್‌ಗೆ ಇದೆಯೇ ನೋಡಿ. ತಂಬೂರಿಯ ನಾಲ್ಕೂ ತಂತಿ ಒಟ್ಟಿಗೆ ನುಡಿದರೆ ಟ್ಯೂನರ್ ಗಲಿಬಿಲಿಯಾಗುತ್ತದೆ, ಸಾಧ್ಯವಿದ್ದರೆ ಪಂಚಮದ ದನಿ ಇಳಿಸಿ ಷಡ್ಜ ಮಾತ್ರ ಉಳಿಸಿ. ಒಂದನೇ ಮನೆ, ಅಂದರೆ ಸಿ, 261.6 ಹರ್ಟ್ಜ್ ಬರಬೇಕು. ಧಾರವಾಡದ ಕಡೆಯವರು ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು ಎನ್ನುವುದೂ ಇದನ್ನೇ. ಅದಕ್ಕೆ ಸೇರುವ ಪಂಚಮ ಒಂದೂವರೆ ಪಟ್ಟು, 392.4. ಟ್ಯೂನರ್ ಇದನ್ನು ಜಿ ಸ್ವರಕ್ಕಿಂತ ಎರಡು ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಹೆಚ್ಚು ಎಂದು ತೋರಿಸುತ್ತದೆ, ನಮ್ಮ ಸಂಗೀತಕ್ಕೆ ಅದೇ ಸರಿಯಾದ ಪಂಚಮ, ತಿದ್ದಲು ಹೋಗಬೇಡಿ.

ಷಡ್ಜವನ್ನು ಹೊಂದಿಸಿ, ಎರಡು ಗಂಟೆ ಬಿಡದೆ ನಡೆಸಿ, ಪ್ರತಿ 15 ನಿಮಿಷಕ್ಕೆ ಎಷ್ಟು ಸೆಂಟ್ ಸರಿದಿದೆ ಎಂದು ಬರೆದಿಡಿ. 5 ಸೆಂಟ್ ಎಂದರೆ ಈ ಷಡ್ಜದಲ್ಲಿ ಸುಮಾರು ಮುಕ್ಕಾಲು ಹರ್ಟ್ಜ್. ಪಕ್ಕದಲ್ಲಿ ಸ್ಥಿರವಾದ ಇನ್ನೊಂದು ಶ್ರುತಿ ಇಟ್ಟರೆ ನಾಲ್ಕು ಸೆಕೆಂಡಿಗೆ ಮೂರು ಸಲ ದನಿ ಉಬ್ಬಿ ತಗ್ಗುವುದು ಕಿವಿಗೇ ಕೇಳಿಸುತ್ತದೆ. ಅಷ್ಟು ಸರಿದರೆ ಮತ್ತೆ ಬಿಚ್ಚಿ ಫೈನ್ ಟ್ಯೂನ್ ಪಾಟ್‌ನ ಕಾಲುಗಳ ಬೆಸುಗೆಯನ್ನು ಇನ್ನೊಮ್ಮೆ ನೋಡಿ. ಸರಿಯದಿದ್ದರೆ ಪ್ಲಗ್ಗನ್ನೂ ನಾಬ್‌ಗಳನ್ನೂ ಒಂದೊಂದಾಗಿ ಮೆಲ್ಲಗೆ ಅಲುಗಿಸಿ ನೋಡಿ. ಆಗಲೂ ಷಡ್ಜ ಕದಲದಿದ್ದರೆ ಪೆಟ್ಟಿಗೆಯನ್ನು ಪಾಠಕ್ಕೆ ಕಳುಹಿಸಬಹುದು.